ಬಲಗಡೆಯವಳು

“ದೂರ ನಿಲ್ಲೇ ಲೌಡಿ! ನಿನ್ನ ಗಬ್ಬಿಗೆ ಸಾಹೇಬ್ರು ಮೂಗು ಮುಚ್ಕೊಂಡಿದಾರೆ, ಕಣ್ಣು ಕಾಣಲ್ವಾ?”

ಮಾಲೀಕ ಕೂಗಿದ್ದು ಲದ್ದಕ್ಕನಿಗೆ. ಅರಣ್ಯ ಇಲಾಖೆಯ ಸಾಹೇಬರು ಅಲ್ಲಿಯವರೆಗೆ ಮೂಗು ಮುಚ್ಚಿಕೊಂಡಿರಲಿಲ್ಲ. ಮಾಲೀಕ ಹೇಳಿದ ಮೇಲೆ ನೆನಪಾದವರ ಹಾಗೆ ಜೇಬಿನಿಂದ ಕರವಸ್ತ್ರ ತೆಗೆದರು. ಲದ್ದಕ್ಕ ತುಂಬಿದ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ನಾಲ್ಕು ಹೆಜ್ಜೆ ಹಿಂದಕ್ಕೆ ಹೋದಳು. ಇಪ್ಪತ್ತೆಂಟು ವರ್ಷ ಈ ಸರ್ಕಸ್ಸಿನ ಆನೆಗಳ ಲದ್ದಿ ಬಾಚಿ ಬಾಚಿ ಅವಳಿಗೆ ಅದೇ ಹೆಸರು ಅಂಟಿಕೊಂಡಿತ್ತು. ಹುಟ್ಟಿದಾಗ ಇಟ್ಟ ಹೆಸರು ಯಾವುದೆಂದು ಕೇಳಿದರೆ ಅವಳೇ ಒಂದು ಗಳಿಗೆ ಯೋಚಿಸಬೇಕಿತ್ತು.

ಮೈದಾನದ ನಡುವೆ ದೊಡ್ಡ ಲಾರಿ ನಿಂತಿತ್ತು. ಅದರ ಹಿಂಬಾಗಿಲಿಗೆ ಅಗಲವಾದ ಕಬ್ಬಿಣದ ಹಲಗೆ ಒರಗಿಸಿದ್ದರು. ಹಲಗೆಯ ಬುಡದಲ್ಲಿ ದೊಡ್ಡವಳು ಬೇರು ಬಿಟ್ಟ ಹಾಗೆ ನಿಂತಿದ್ದಳು. ಐವತ್ತು ದಾಟಿದ ಹೆಣ್ಣಾನೆ. ಬೆಳಿಗ್ಗೆ ಎಂಟಕ್ಕೆ ಶುರುವಾದ ಕೆಲಸ, ಈಗ ಹನ್ನೆರಡು. ಕಬ್ಬು ತೋರಿಸಿದ್ದಾಯಿತು, ಬಾಳೆಗೊನೆ ತೋರಿಸಿದ್ದಾಯಿತು, ಹಗ್ಗ ಹಾಕಿ ಹದಿನಾರು ಜನ ಎಳೆದದ್ದೂ ಆಯಿತು. ಮಾವುತನನ್ನು ಎಲ್ಲರೂ ಮೀಸೆ ಅನ್ನುತ್ತಿದ್ದರು. ಇವತ್ತು ಫೋಟೋ ತೆಗೆಯುತ್ತಾರೆಂದು ಅವನು ರಿಂಗಿನ ಜರಿ ಕೋಟು ಹಾಕಿಕೊಂಡು ಬಂದಿದ್ದ. ಬೆವರಿನಲ್ಲಿ ನೆನೆದು ಕೋಟು ಬೆನ್ನಿಗೆ ಅಂಟಿತ್ತು. “ಹತ್ತೇ ಸೂಳೆಮಗಳೇ!” ಎಂದು ದೊಡ್ಡವಳ ಕಿವಿಯ ಹಿಂದೆ ಅಂಕುಶದಿಂದ ಎಳೆದ. ಹಳೆಯ ಗಾಯದ ಬಾಯಿ ಬಿಚ್ಚಿ ರಕ್ತ ಜಿನುಗಿತು.

“ಅಂಕುಶ ಕೆಳಗಿಡ್ರೀ! ಎಷ್ಟು ಸಲ ಹೇಳ್ಬೇಕು?” ಎಂದು ಕಿರುಚಿದವಳು ಆನೆಧಾಮದಿಂದ ಬಂದಿದ್ದ ಡಾಕ್ಟರಮ್ಮ. ಎರಡು ವರ್ಷ ಈ ಸರ್ಕಸ್ಸಿನ ಎರಡು ಆನೆಗಳ ಜಾಡು ಹಿಡಿದು ಊರೂರು ಅಲೆದವಳು. ಅವಳು ಬಂದು ಸೇರುವಷ್ಟರಲ್ಲಿ ಡೇರೆ ಕಿತ್ತಾಗಿರುತ್ತಿತ್ತು. ಸರ್ಕಸ್ಸೇ ಮುಚ್ಚಿ ಎಂಟು ತಿಂಗಳಾದ ಮೇಲೆ, ಎರಡನ್ನೂ ಆನೆಧಾಮಕ್ಕೆ ಒಯ್ಯಲು ಕೋರ್ಟಿನ ಆರ್ಡರು ಹಿಡಿದು ಬಂದಾಗ ಸಿಕ್ಕಿದ್ದು ಒಂದೇ ಆನೆ. ಇನ್ನೊಂದು, ಚಿಕ್ಕವಳು, ಹತ್ತು ದಿನದ ಹಿಂದೆ ಸತ್ತಿತೆಂದು ಮಾಲೀಕ ಕಾಗದ ತೋರಿಸಿದ. ಕಾಗದದ ಕೆಳಗೆ ಸಾಹೇಬರ ಸಹಿಯಿತ್ತು, ಅದರ ಕೆಳಗೆ ಸಾಕ್ಷಿಯೆಂದು ಲದ್ದಕ್ಕನ ಹೆಬ್ಬೆಟ್ಟಿತ್ತು.

ದೊಡ್ಡವಳು ಸೊಂಡಿಲನ್ನು ಬಲಗಡೆಗೆ ಚಾಚಿ ಗಾಳಿಯಲ್ಲಿ ತಡಕಿದಳು. ಏನೂ ಸಿಗಲಿಲ್ಲ. ಮತ್ತೆ ತಡಕಿದಳು. 

ದೊಡ್ಡವಳಿಗೆ ಬಲಗಣ್ಣು ಕಾಣುವುದಿಲ್ಲ. ರಿಂಗಿನ ದೀಪಗಳ ಝಳಕ್ಕೆ ಅದರ ನೋಟ ಹೋಗಿ ಇಪ್ಪತ್ತು ವರ್ಷ. ಹೊರಗಿನಿಂದ ನೋಡಿದರೆ ಕಣ್ಣು ನೆಟ್ಟಗೇ ಇದೆ. ಇದು ಮಾಲೀಕನಿಗೂ ಗೊತ್ತಿಲ್ಲ, ಕತ್ತಿನ ಮೇಲೆ ಕೂತು ಸಲಾಮು ಹೊಡೆಯುತ್ತಿದ್ದ ಮೀಸೆಗೂ ಗೊತ್ತಿಲ್ಲ. ಕಾಲ ಬುಡದಲ್ಲಿ ಲದ್ದಿ ಬಾಚುವವಳಿಗೆ ಗೊತ್ತಾಯಿತು, ಏಕೆಂದರೆ ಆ ಕಡೆಯಿಂದ ಹೋದಾಗಲೆಲ್ಲ ದೊಡ್ಡವಳು ಬೆಚ್ಚಿ ಒದೆಯುತ್ತಿದ್ದಳು. ಎರಡು ಸಲ ಬುಟ್ಟಿ ಪುಡಿಯಾಯಿತು, ಒಂದು ಸಲ ಲದ್ದಕ್ಕನ ಪಕ್ಕೆಲುಬು. ಅವತ್ತಿನಿಂದ ಅವಳೇ ಚಿಕ್ಕವಳನ್ನು ಬಲಗಡೆಗೆ ಕಟ್ಟತೊಡಗಿದಳು. ನಿಂತರೂ ಚಿಕ್ಕವಳು ಬಲಗಡೆ, ನಡೆದರೂ ಬಲಗಡೆ. ಚಿಕ್ಕವಳ ಮೈ ತಾಗುತ್ತಿದ್ದರೆ ದೊಡ್ಡವಳು ಬಾವಿಯ ಕಟ್ಟೆ ಮೇಲೆ ಬೇಕಾದರೂ ನಡೆಯುತ್ತಿದ್ದಳು. ಈಗ ಅವಳ ಪಾಲಿಗೆ ಬಲಗಡೆ ಬರೀ ಕತ್ತಲೆ. ಎತ್ತರದ, ಟಣ್ ಟಣ್ ಅನ್ನುವ ಹಲಗೆ ಹತ್ತೆಂದರೆ ಹೇಗೆ ಹತ್ತಿಯಾಳು?

ಚಿಕ್ಕವಳು ಸತ್ತಿರಲಿಲ್ಲ. ಹತ್ತು ದಿನದ ಹಿಂದೆ ಮೈದಾನದ ಮೂಲೆಯಲ್ಲಿ ಜೆಸಿಬಿ ತಂದು ಹಳ್ಳ ತೋಡಿಸಿದ ಮಾಲೀಕ, “ತುಂಬು” ಅಂದಿದ್ದ.

“ಏನ್ ತುಂಬೋದು ಧಣಿ?”

“ನಿನ್ನ ಆಸ್ತೀನೇ ತುಂಬು. ಗುಡ್ಡೆ ಹಾಕಿದೀಯಲ್ಲ!”

ಎಂಟು ತಿಂಗಳ ಲದ್ದಿಯನ್ನು ಲದ್ದಕ್ಕ ಒಬ್ಬಳೇ ಹೊತ್ತು ಹಳ್ಳಕ್ಕೆ ಸುರಿದಳು. ಮೇಲೆ ಸುಣ್ಣ ಚೆಲ್ಲಿ ಮಣ್ಣು ಮುಚ್ಚಿದರು. ಫೋಟೋ ತೆಗೆಸಲು ಬಂದ ಸಾಹೇಬರು, “ಯಾರಾದ್ರೂ ಒಬ್ರು ಅಳ್ತಿದ್ರೆ ಚೆನ್ನಾಗಿರುತ್ತೆ” ಅಂದರು. ಮಾಲೀಕ ಲದ್ದಕ್ಕನನ್ನು ಗುಡ್ಡೆಯ ಮುಂದೆ ಕೂರಿಸಿದ. “ಅಳೇ!”

“ಬರ್ತಿಲ್ಲ ಧಣಿ.”

“ನಿಮ್ಮಪ್ಪ ಸತ್ತ ಅಂದ್ಕೊಂಡು ಅಳೇ ಮುಂಡೇದೇ!”

ಒಳಗಿರುವುದು ಏನೆಂದು ನೆನೆಸಿಕೊಂಡ ಲದ್ದಕ್ಕನಿಗೆ ಅಳುವಿನ ಬದಲು ನಗು ಉಕ್ಕಿ ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ತಡೆಯಲಾಗಲಿಲ್ಲ. “ನಗ್ತಾಳಲ್ರೀ ಇವಳು!” ಎಂದರು ಸಾಹೇಬರು. ಮಾಲೀಕ ಕಪಾಳಕ್ಕೆ ಬೀಸಿದ. ಕಣ್ಣಲ್ಲಿ ನೀರು ಬಂತು, ಫೋಟೋ ಬಿತ್ತು. ಆಮೇಲೆ ಅವಳ ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿ ಒತ್ತಿದವನೂ ಮಾಲೀಕನೇ.

ಚಿಕ್ಕವಳು ಈಗ ಎರಡು ಬೀದಿ ಆಚೆ, ಮುಚ್ಚಿದ ಬೆಂಕಿಪೊಟ್ಟಣದ ಕಾರ್ಖಾನೆಯ ಗೋಡೌನಿನಲ್ಲಿದ್ದಳು. ಅವಳನ್ನು ಮಾಲೀಕ ಒಬ್ಬ ಮರದ ವ್ಯಾಪಾರಿಗೆ ಮಾರಿಬಿಟ್ಟಿದ್ದ. ಇವತ್ತು ಡಾಕ್ಟರಮ್ಮನ ಲಾರಿ ಹೊರಟ ಮೇಲೆ, ಸಂಜೆಗೆ ವ್ಯಾಪಾರಿಯ ಲಾರಿ ಬರುವುದಿತ್ತು. ಗುಡ್ಡದಲ್ಲಿ ದಿಮ್ಮಿ ಎಳೆಯುವ ಕೆಲಸ. ಅಲ್ಲಿಗೆ ಹೋದ ಆನೆ ಸರಪಳಿಯಲ್ಲೇ ಸಾಯುತ್ತದೆ.

“ಅಮ್ಮ.”

ಮಗಳು ಹಿಂದಿನಿಂದ ಬಂದು ತೋಳು ಹಿಡಿದಳು. ಏಳು ತಿಂಗಳ ಬಸುರಿ, ತಗಡಿನ ಕೋಣೆಯಿಂದ ಬಿಸಿಲಲ್ಲಿ ನಡೆದು ಬಂದು ಏದುಸಿರು ಬಿಡುತ್ತಿದ್ದಳು.

“ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ಬಾಯಿ ಬಿಡಬೇಡಮ್ಮ, ನಿನ್ನ ಕಾಲಿಗೆ ಬೀಳ್ತೀನಿ. ಚಿಕ್ಕವಳನ್ನ ಅಲ್ಲಿಗೆ ಲಾರಿಲಿ ಬಿಟ್ಟಿದ್ದು ನಮ್ಮನೆಯವ್ರೇ. ಹಿಡಿದ್ರೆ ಮೊದ್ಲು ಇವ್ರನ್ನೇ ಒಳಗೆ ಹಾಕೋದು. ಧಣೀನ ಯಾರು ಮುಟ್ತಾರೆ?”

“ನಾನೇನು ಬಾಯಿ ಬಿಟ್ಟೆ ಈಗ?”

“ಆನೆಗೋಸ್ಕರ ನನ್ನ ಮನೆ ಮುರೀಬೇಡ.”

ಲದ್ದಕ್ಕ ಮಗಳ ಹೊಟ್ಟೆಯನ್ನೊಮ್ಮೆ ನೋಡಿದಳು. “ಹೋಗು, ನೆರಳಲ್ಲಿ ಕೂತ್ಕೋ,” ಅಂದಳು. ಬಾಯಿ ಬಿಡಬಾರದೆಂದೇ ಅವಳು ಬೆಳಿಗ್ಗೆಯಿಂದ ಹಲ್ಲು ಕಚ್ಚಿಕೊಂಡಿದ್ದಳು. ಹೇಳಿದರೂ ಯಾರು ನಂಬುತ್ತಾರೆ? ಮಾಲೀಕ ಹುಚ್ಚಿ ಅನ್ನುತ್ತಾನೆ, ಸಾಹೇಬರು ಹೆಬ್ಬೆಟ್ಟು ತೋರಿಸುತ್ತಾರೆ, ಅಷ್ಟರಲ್ಲಿ ಚಿಕ್ಕವಳನ್ನು ಹಿಂಬಾಗಿಲಿನಿಂದ ಸಾಗಿಸಿಬಿಡುತ್ತಾರೆ.

ಅಷ್ಟು ಹೊತ್ತಿಗೆ ಡಾಕ್ಟರಮ್ಮ ಸೋತು ಕೈಚೆಲ್ಲಿದ್ದಳು. “ಇನ್ನು ಇಂಜೆಕ್ಷನ್ ಕೊಟ್ಟು ಮಲಗಿಸಿ ಕ್ರೇನಲ್ಲಿ ಎತ್ತೋದೇ.”

ಲದ್ದಕ್ಕನ ಕೈಯಿಂದ ಬುಟ್ಟಿ ಜಾರಿತು. ಹೋದ ಚಳಿಗಾಲದಲ್ಲಿ ದೊಡ್ಡವಳು ಒಂದು ಸಲ ಮಲಗಿ ಏಳಲಾರದೆ ಒದ್ದಾಡಿದ್ದು, ಮಗ್ಗುಲಾಗಿ ಬಿದ್ದವಳ ಉಸಿರು ಕಮ್ಮಾರನ ಹಳೇ ತಿದಿಯ ಹಾಗೆ ಕಿರುಗುಟ್ಟಿದ್ದು ಕಣ್ಣಮುಂದೆ ಬಂತು. ನಾಲ್ಕು ಹೆಜ್ಜೆ ದೂರ ನಿಲ್ಲಬೇಕೆಂಬುದನ್ನೂ ಮರೆತು ಮುಂದೆ ಹೋದಳು.

“ಮಲಗಿಸ್ಬೇಡಿ ತಾಯಿ. ಮಲಗಿದ್ರೆ ಅವಳು ಏಳಲ್ಲ.”

“ನೀನ್ಯಾವಾಗ ಡಾಕ್ಟರಾದ್ಯೇ?” ಎಂದರು ಸಾಹೇಬರು. ಹಗ್ಗ ಹಿಡಿದವರೆಲ್ಲ ನಕ್ಕರು.

“ಯಾರಿವರು?” ಡಾಕ್ಟರಮ್ಮ ಕೇಳಿದಳು.

“ಲದ್ದಿ ಬಾಚೋಳು ಮೇಡಂ. ತಲೆ ನೆಟ್ಟಗಿಲ್ಲ,” ಎಂದ ಮಾಲೀಕ.

ಡಾಕ್ಟರಮ್ಮ ಅವನ ಕಡೆ ನೋಡಲಿಲ್ಲ. “ನೀವು ಹತ್ತಿಸ್ತೀರಾ?”

ನೀವು ಅಂದದ್ದು ತನಗೇ ಎಂದು ತಿಳಿಯಲು ಲದ್ದಕ್ಕನಿಗೆ ಸ್ವಲ್ಪ ಹೊತ್ತು ಹಿಡಿಯಿತು. “ಹತ್ತಿಸ್ತೀನಿ. ಕಾಲು ಸರಪಳಿ ಬಿಚ್ಚಿಸಿ. ಆ ಜರಿಕೋಟಿನ ನನ್ಮಗ ದೂರ ಹೋಗ್ಲಿ. ಕಾಲು ಮರಗಟ್ಟಿದೆ, ಮೊದ್ಲು ಒಂದು ಸುತ್ತು ನಡೆಸ್ತೀನಿ.”

ಸರಪಳಿ ಬಿಚ್ಚುವ ನೆವದಲ್ಲಿ ಮಾಲೀಕ ಹತ್ತಿರ ಬಂದು ಪಿಸುಗುಟ್ಟಿದ. “ಬಾಲ ಬಿಚ್ಚಿದ್ರೆ ನೋಡು. ಆ ಗಾಯಗಳನ್ನೆಲ್ಲ ನೀನೇ ಮಾಡಿದ್ದು ಅಂತ ಬರೆಸ್ತೀನಿ. ಜೈಲಲ್ಲಿ ಲದ್ದಿ ಬಾಚ್ತೀಯ.”

ಲದ್ದಕ್ಕ ದೊಡ್ಡವಳ ಬಲಗಡೆಗೆ ಹೋಗಿ ಭುಜವನ್ನು ಅವಳ ಮುಂಗಾಲಿಗೆ ಒತ್ತಿ ನಿಂತಳು. ಸೊಂಡಿಲು ಬಂದು ಅವಳ ತಲೆ, ಕತ್ತು, ಕಂಕುಳು ಮೂಸಿತು. ಈ ಮೈಯ ವಾಸನೆಗೆ ಮೂಗು ಮುಚ್ಚಿಕೊಳ್ಳದ ಜೀವ ಮೈದಾನದಲ್ಲಿ ಅದೊಂದೇ ಇತ್ತು. “ನಡಿಯವ್ವ,” ಅಂದಳು. ದೊಡ್ಡವಳು ನಡೆದಳು.

ಒಂದು ಸುತ್ತು ಬಂದು ಹಲಗೆಯ ಮುಂದೆ ನಿಂತರು. ಲದ್ದಕ್ಕ ಮೊದಲು ತಾನು ಹತ್ತಿದಳು, ಭುಜ ತಪ್ಪಿಸದೆ. ದೊಡ್ಡವಳ ಮುಂಗಾಲು ಹಲಗೆಯ ಮೇಲೆ ಬಂತು. ಹಲಗೆ ಟಣ್ ಅಂದರೂ ಬೆದರಲಿಲ್ಲ. ಎರಡನೆಯ ಕಾಲೂ ಬಂತು. ಹಗ್ಗ ಹಿಡಿದವರು ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ಕಣ್ಣೊರೆಸಿಕೊಂಡಳು. ಮಾಲೀಕ ಗಡಿಯಾರ ನೋಡಿಕೊಂಡು ಸಾಹೇಬರಿಗೆ ಕಣ್ಣು ಹೊಡೆದ.

ಆ ಕಣ್ಣು ಹೊಡೆದದ್ದನ್ನು ಲದ್ದಕ್ಕ ನೋಡಿದಳು.

ಇನ್ನು ಮೂರು ಹೆಜ್ಜೆ. ಇವಳು ಲಾರಿ ಹತ್ತಿದರೆ ಅವಳು ದಿಮ್ಮಿಗೆ. ಇವಳಿಗೆ ಮುಂದೆ ಬಲಗಡೆ ಯಾರು? ಇಪ್ಪತ್ತು ವರ್ಷ ತನ್ನ ಕೈಯಾರೆ ಜೊತೆಗೆ ಕಟ್ಟಿದವರನ್ನು ತನ್ನ ಕೈಯಾರೆ ಬೇರೆ ಮಾಡಬೇಕು. ಮಗಳ ಮುಖ ನೆನಪಾಯಿತು. 

“ಹಿಂದೆ,” ಅಂದಳು. ದೊಡ್ಡವಳು ಹಿಂದಕ್ಕೆ ಇಳಿದಳು.

“ಯಾಕೆ? ಏನಾಯ್ತೇ?” ಮಾಲೀಕ ಓಡಿ ಬಂದ.

“ಇನ್ನೊಂದು ಸುತ್ತು ಧಣಿ.”

ಆ ಸುತ್ತು ಮೈದಾನದ ಗೇಟು ದಾಟಿತು. ಜನಕ್ಕೆ ಅರ್ಥವಾಗುವಷ್ಟರಲ್ಲಿ ಆನೆ ರಸ್ತೆಯಲ್ಲಿತ್ತು. ಸೈಕಲ್ ಅಂಗಡಿಯವನು ಟ್ಯೂಬು ಬಿಟ್ಟು ಎದ್ದ, ಕ್ಷೌರದಂಗಡಿಯಿಂದ ಅರ್ಧ ಗಡ್ಡದವನು ಹೊರಗೆ ಬಂದ, ಬಸ್ಸು ಗಕ್ಕನೆ ನಿಂತಿತು. ಲದ್ದಕ್ಕ ಓಡಲಿಲ್ಲ. ಬಲಗಡೆ ಭುಜ ಕೊಟ್ಟುಕೊಂಡು ಒಂದೇ ಸಮನೆ ನಡೆದಳು. ಹಿಂದೆ ಡಾಕ್ಟರಮ್ಮ, ಅವಳ ಹಿಂದೆ ಬಂದೋಬಸ್ತಿಗೆ ಬಂದಿದ್ದ ಇಬ್ಬರು ಪೊಲೀಸರು, ಅವರ ಹಿಂದೆ ಸಾಹೇಬರು ಹೊಟ್ಟೆ ಹಿಡಿದುಕೊಂಡು ಓಡಿ ಬಂದರು. “ಹಿಡೀರೋ! ಕಳ್ಳಿ! ಆನೆ ಕದ್ದು ಓಡ್ತಿದಾಳೆ!” ಎಂದು ಮಾಲೀಕ ಅರಚುತ್ತಿದ್ದ.

ಕಾರ್ಖಾನೆಯ ತಿರುವಿನಲ್ಲಿ ಕಾವಲಿಗಿದ್ದ ಅಳಿಯ ಕೈ ಅಡ್ಡ ಚಾಚಿ ನಿಂತಿದ್ದ. ಮುಖ ಬಿಳುಚಿಕೊಂಡಿತ್ತು.

“ಅತ್ತೆ, ನನ್ನ ತಲೆ ಮೇಲೆ ಕಲ್ಲು ಹಾಕ್ಬೇಡಿ.”

“ಕಲ್ಲು ಆಗ್ಲೇ ಬಿದ್ದಿದೆ ಕಣಪ್ಪ. ನಿನ್ನ ಮೇಲೂ ಬಿದ್ದಿದೆ, ನನ್ನ ಮೇಲೂ ಬಿದ್ದಿದೆ. ಈ ಕೆಲ್ಸ ಹೇಳಿದೋರು ಯಾರು ಅಂತ ನೀನೂ ಬಾಯಿ ಬಿಡು. ನಿನ್ನ ಜೊತೆ ನಾನೂ ಬರ್ತೀನಿ ಒಳಗೆ. ಸರಿ, ದಾರಿ ಬಿಡು.”

ಅಳಿಯ ಅವಳನ್ನು ನೋಡಿದ, ಆನೆಯನ್ನು ನೋಡಿದ. ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ಕುಸಿದು ಕೂತ.

ಗೋಡೌನಿನ ತಗಡಿನ ಬಾಗಿಲಿಗೆ ಬೀಗ ಬಿದ್ದಿತ್ತು. ದೊಡ್ಡವಳು ಸೊಂಡಿಲೆತ್ತಿ ಬಾಗಿಲ ಸಂದಿಗೆ ಇಟ್ಟಳು. ಎದೆಯ ಆಳದಿಂದ ಗುಡುಗಿನಂಥದೊಂದು ಸದ್ದು ಹೊರಟಿತು. ಒಳಗಿನಿಂದ ಸರಪಳಿ ಝಣಗುಟ್ಟಿತು. ಆಮೇಲೆ ಬೀದಿಯ ಕಿವಿ ಕಿತ್ತುಹೋಗುವ ಹಾಗೆ ಒಂದು ಘೀಳು.

ಡಾಕ್ಟರಮ್ಮ ನಿಂತಲ್ಲೇ ನಿಂತಳು. “ಒಳಗೆ ಯಾರು?”

“ಬೇರೆ ಆನೆ ಮೇಡಂ, ಬೇರೆಯವ್ರದ್ದು,” ಮಾಲೀಕ ತೊದಲಿದ. “ಕೀ ನನ್ನ ಹತ್ರ ಇಲ್ಲ.”

“ಬೀಗ ಒಡೆಯೋಕೆ ಆರ್ಡರ್ ಬೇಕು,” ಎಂದರು ಸಾಹೇಬರು, ಉಸಿರು ಸಿಕ್ಕ ಮೇಲೆ. “ಎರಡನೇ ಆನೆ ಸತ್ತಿದೆ. ರೆಕಾರ್ಡ್ ಇದೆ. ಇವಳದೇ ಹೆಬ್ಬೆಟ್ಟು.”

“ಹೆಬ್ಬೆಟ್ಟು ನಂದೇ,” ಅಂದಳು ಲದ್ದಕ್ಕ. “ಹಳ್ಳದಲ್ಲಿರೋದೂ ನಂದೇ, ನಾನು ಹೊತ್ತ ಲದ್ದಿ. ಬೇಕಾದ್ರೆ ತೋಡ್ಸಿ, ಸಾಹೇಬ್ರೇ. ಮೂಗು ಮಾತ್ರ ಗಟ್ಟಿಯಾಗಿ ಮುಚ್ಕೊಳ್ಳಿ.”

ಬೀದಿಯಲ್ಲಿ ಯಾರೋ ಕಿಸಕ್ಕೆಂದರು. ಲದ್ದಕ್ಕ ದೊಡ್ಡವಳ ಕಿವಿಯ ಬುಡ ತಟ್ಟಿದಳು. “ನೂಕವ್ವ.”

ದೊಡ್ಡವಳು ಹಣೆ ಕೊಟ್ಟಳು. ತಗಡು ಒಳಕ್ಕೆ ಬಗ್ಗಿತು, ಚಿಲಕ ಕಿತ್ತು ಬಂತು, ಬಾಗಿಲು ಧೂಳೆಬ್ಬಿಸಿ ಬಿತ್ತು. ಒಳಗೆ ನಾಲ್ಕೂ ಕಾಲಿಗೆ ಸರಪಳಿ ಬಿಗಿಸಿಕೊಂಡ ಚಿಕ್ಕವಳು ನಿಂತಿದ್ದಳು. ಪಕ್ಕೆಯ ಮೇಲೆ ಮರದ ವ್ಯಾಪಾರಿಯ ಕೆಂಪು ಗುರುತು ಬಳಿದಿತ್ತು, ದಿಮ್ಮಿಗೆ ಬಳಿಯುವ ಹಾಗೆ. ಡಾಕ್ಟರಮ್ಮ ಓಡಿ ಹೋಗಿ ಅವಳ ಕತ್ತಿಗೆ ಯಂತ್ರ ಹಿಡಿದಳು. ಚರ್ಮದೊಳಗೆ ಕೂರಿಸಿದ್ದ ಗುರುತಿನ ಚಿಪ್‌ನ ನಂಬರು ಓದಿದಳು, ಇನ್ನೊಂದು ಸಲ ಜೋರಾಗಿ ಓದಿದಳು. ಎರಡು ವರ್ಷ ಹುಡುಕಿದ ನಂಬರು ಅದೇ.

ಸಾಹೇಬರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. “ಇದನ್ನ ಆಮೇಲೆ ವಿಚಾರಣೆ ಮಾಡೋಣ. ಇವತ್ತು ನಾನು ಬರೆದ ಸಾಗಣೆ ಆರ್ಡರು ಒಂದು ಆನೆಗೆ. ಅದನ್ನ ಮೊದ್ಲು ಸಾಗಿಸಿ. ಇದು ಇಲ್ಲೇ ಇರ್ಲಿ, ಮಾಲೀಕರ ಜವಾಬ್ದಾರೀಲಿ.”

“ಅವರ ಜವಾಬ್ದಾರೀಲಾ?” ಡಾಕ್ಟರಮ್ಮ ಬಾಯಿ ತೆರೆದಳು. ಸಾಹೇಬರು ಫೋನು ಕಿವಿಗಿಟ್ಟುಕೊಂಡು ಆಚೆ ತಿರುಗಿದರು. ಬೀದಿಯ ಕೊನೆಯಲ್ಲಿ ಹಾರ್ನು ಕೇಳಿತು. ಮರದ ವ್ಯಾಪಾರಿಯ ಲಾರಿ, ಹೇಳಿದ್ದಕ್ಕಿಂತ ಬೇಗ ಬಂದಿತ್ತು.

ಲದ್ದಕ್ಕ ದೊಡ್ಡವಳನ್ನು ಚಿಕ್ಕವಳ ಪಕ್ಕಕ್ಕೆ ತಂದು ನಿಲ್ಲಿಸಿದಳು. ಎರಡು ಮೈ ತಾಗಿದವು. ಅವಳು ಎರಡರ ನಡುವೆ ಮುಂಗಾಲುಗಳ ಸಂದಿಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

“ಆರ್ಡರಿನಲ್ಲಿ ಎರಡು ಅಂತ ಬರೀರಿ. ಇಲ್ದಿದ್ರೆ ಒಂದೂ ಹತ್ತಲ್ಲ.”

“ಏಳೇ ಮುದುಕಿ!” ಎಂದು ಮಾಲೀಕ ಅರಚಿದ.

“ನೀವೇ ಹತ್ತಿಸ್ಕೊಳ್ಳಿ. ಹದಿನಾರು ಜನ ಇದೀರಲ್ಲ.”

“ಎತ್ರೋ ಅವಳನ್ನ!” ಸಾಹೇಬರು ಪೊಲೀಸರ ಮೇಲೆ ಹರಿಹಾಯ್ದರು.

ಇಬ್ಬರು ಪೊಲೀಸರು ಒಂದು ಹೆಜ್ಜೆ ಮುಂದೆ ಇಟ್ಟರು. ಎರಡು ಸೊಂಡಿಲುಗಳು ಒಟ್ಟಿಗೆ ಅವರ ಕಡೆ ತಿರುಗಿದವು. ಲಾರಿಯ ಹಾರ್ನು ಇನ್ನೊಮ್ಮೆ ಕೂಗಿತು. ಪೊಲೀಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಲ್ಲೇ ನಿಂತರು.