ಹನ್ನೆರಡನೆಯ ಮನೆಯ ಮಾತು

ಹೊಳೆದೊಡ್ಡಿಯ ಅಂಬಿಗರ ತಾಯಣ್ಣನಿಗೆ ಸ್ವಂತ ಅಭಿಪ್ರಾಯ ಎಂಬುದೇ ಇಲ್ಲವೆಂದು ಊರು ನಗುತ್ತಿತ್ತು. ಪುಟ್ಟಿಯಲ್ಲಿ ಕೂತವರು ಕೃಷ್ಣೆಯ ಈ ದಡ ಬಿಟ್ಟು ರಾಯಚೂರಿನ ಕಡೆಯ ದಡ ಮುಟ್ಟುವುದರೊಳಗೆ ನಿಜಾಮನನ್ನು ಒಮ್ಮೆ ಇಳಿಸಿ ಮತ್ತೊಮ್ಮೆ ಏರಿಸುತ್ತಿದ್ದರು. ಮಖ್ತಲಿನ ಎಣ್ಣೆ ವ್ಯಾಪಾರಿ ಶಂಕರಯ್ಯ ಒಂದು ವಾರ ಆಜಾದ್ ಹೈದರಾಬಾದು ಆಗಿಯೇ ತೀರುತ್ತದೆ ಎನ್ನುತ್ತಿದ್ದ, ಮುಂದಿನ ವಾರ ಗಾಂಧಿ ಟೋಪಿ ಎಲ್ಲಿ ಸಿಗುತ್ತದೆಂದು ಕೇಳುತ್ತಿದ್ದ. ಊರ ಹಿರಿಯ ಸಿದ್ದಪ್ಪ ಮಾತ್ರ ಯಾರು ಗಾದಿ ಏರಿದರೂ ಕಂದಾಯ ಕಟ್ಟುವುದು ತಪ್ಪೀತೇ ಎಂದು ಎಲೆಯಡಿಕೆ ಉಗಿಯುತ್ತಿದ್ದ. ನಿನ್ನದೇನೋ ಎಂದು ತಾಯಣ್ಣನನ್ನು ಕೇಳಿದರೆ, ತನ್ನ ಕೈಯಲ್ಲಿ ಹುಟ್ಟು ಇದೆ, ಅಷ್ಟು ಸಾಕು ಎನ್ನುತ್ತಿದ್ದ. ಅಂಥವನನ್ನು ಎಲ್ಲರೂ ಒಳ್ಳೆಯವನೆಂದೇ ಕರೆಯುತ್ತಾರೆ. ಯಾರಿಗೂ ಅಡ್ಡ ಬರದವನು ಒಳ್ಳೆಯವನಾಗುವುದು ಎಷ್ಟು ಸುಲಭ ನೋಡಿ.

ಬಿದಿರಿನ ಹೆಣಿಗೆಗೆ ಎಮ್ಮೆಯ ತೊಗಲು ಹೊದಿಸಿದ ದುಂಡನೆಯ ಹರಿಗೋಲನ್ನೇ ಆ ಕಡೆ ಪುಟ್ಟಿ ಎನ್ನುತ್ತಾರೆ. ಹೊಳೆದೊಡ್ಡಿಯ ಪುಟ್ಟಿ ಹನ್ನೆರಡು ಮನೆಗಳ ಕೂಡು ಆಸ್ತಿ. ತೊಗಲು, ಬಿದಿರು, ಅಂಬಿಗನಿಗೆ ಸುಗ್ಗಿಯಲ್ಲಿ ಕೊಡುವ ಜೋಳ ಎಲ್ಲವೂ ಹನ್ನೆರಡು ಮನೆಗಳ ಪಾಲು. ತಾಯಣ್ಣನದು ಬರೀ ದುಡಿಮೆ, ಅವನ ಮನೆ ಆ ಲೆಕ್ಕದಲ್ಲಿರಲಿಲ್ಲ. ಕಟ್ಟಳೆಗಳು ಎರಡೇ. ಆಚೆ ದಡದಿಂದ ಯಾರು ಕೂಗಿದರೂ ಪುಟ್ಟಿ ಹೋಗಬೇಕು. ಪುಟ್ಟಿಗೆ ಏನು ಮಾಡಬೇಕೆಂದರೂ ಹನ್ನೆರಡು ಮನೆಯವರೂ ಹೂಂ ಎನ್ನಬೇಕು. ಒಂದು ಮನೆ ಬೇಡ ಎಂದರೂ ಕೆಲಸ ಅಲ್ಲಿಗೇ ನಿಂತಿತು. ಬದುವಿನ ಒಂದು ಗೇಣು ಮಣ್ಣಿಗೆ ತಲೆ ಒಡೆದುಕೊಳ್ಳುವ ಊರು ಈ ಎರಡು ಮಾತನ್ನು ಮಾತ್ರ ಅಜ್ಜಂದಿರ ಕಾಲದಿಂದ ಮೀರಿರಲಿಲ್ಲ.

ಹನ್ನೆರಡರಲ್ಲಿ ಒಂದು ಮನೆ ಪಿಂಜಾರ ಲಾಲಸಾಬನದು. ಹತ್ತಿ ಹಿಂಜಿ ಗಾದಿ ತುಂಬುವ ಕಸುಬು, ಹೊಸದು ಕಂಡಲ್ಲಿ ಮೂಗು ತೂರಿಸುವ ಗುಣ. ರೈಲಿನವರಿಂದ ಒಂದು ಡಬ್ಬಿ ಡಾಂಬರು ಇಸಿದುಕೊಂಡು ಬಂದು ತೊಗಲಿಗೆ ಬಳಿಯೋಣ ಎಂದಾಗ ಊರು ಹೌಹಾರಿತ್ತು. ಗಂಗಮ್ಮ ಮುನಿಯುತ್ತಾಳೆ ಎಂದರು. ಕಂಪನಿಯ ಮಸಿ ಮೈಗೆ ಹತ್ತುತ್ತದೆ ಎಂದರು. ಅವನು ಜಗಳಕ್ಕೆ ಹೋಗದೆ ತುಂಡು ತೊಗಲಿಗೆ ಡಾಂಬರು ಬಳಿದು ದೋಣಿಯಲ್ಲಿ, ಎಂದರೆ ದನಕ್ಕೆ ನೀರಿಡುವ ಕಲ್ಲಿನ ತೊಟ್ಟಿಯಲ್ಲಿ, ಒಂದು ತಿಂಗಳು ಮುಳುಗಿಸಿಟ್ಟ. ತೊಗಲು ಕೊಳೆಯಲಿಲ್ಲ. ಹನ್ನೆರಡು ಹೂಂ ಸಿಕ್ಕವು.

ಸಾವಿರದ ಒಂಬೈನೂರ ನಲವತ್ತೇಳರಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಸಿದ್ದಪ್ಪನ ಮಗ ಅಯ್ಯಣ್ಣ ಸ್ಟೇಟ್ ಕಾಂಗ್ರೆಸ್ಸಿನ ಹುಡುಗರ ಜೊತೆ ಸೇರಿ ಸರಕಾರಕ್ಕೆ ಹೆಂಡದ ವರಮಾನ ತರುವ ಈಚಲ ಮರ ಕಡಿದು ತಲೆ ತಪ್ಪಿಸಿಕೊಂಡಿದ್ದ. ಅವನನ್ನು ದಾಟಿಸಿದವರ ಮನೆ ಉಳಿಯುವುದಿಲ್ಲವೆಂದು ಪೊಲೀಸರು ಸಾರಿ ಹೋಗಿದ್ದರು. ಒಂದು ಬೆಳಿಗ್ಗೆ ಆಚೆ ದಡದಿಂದ ಅವನೇ ಕೂಗಿದ. ಊರವರೆಲ್ಲ ದಡದಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಹೆತ್ತ ತಂದೆಯೇ ಹಿಂದೆ ಸರಿದು ನಿಂತ. ಆಗ ಲಾಲಸಾಬ ತಾಯಣ್ಣನ ಕೈಗೆ ಹುಟ್ಟು ಕೊಟ್ಟು ಹೇಳಿದ:

"ಕೂಗಿದಾವ ಯಾರಂತ ಕೇಳಾಕ ಇದೇನು ಕಚೇರಿ ಏನು? ಪುಟ್ಟಿ ಐತಿ ಇದು. ಹೋಗು."

ತಾಯಣ್ಣ ಹೋದ. ಹುಡುಗ ಉಳಿದ. ಸಿದ್ದಪ್ಪ ಪಿಂಜಾರನ ಎರಡೂ ಕೈ ಹಿಡಿದು ಅತ್ತಿದ್ದನ್ನು ಊರೇ ನೋಡಿತ್ತು.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಲಾಲಸಾಬ ಹೊಳೆ ದಾಟಿದ. ಆಚೆ ಸೀಮೆಯಲ್ಲಿ ಮಗಳು ಹುಸೇನಬಿ ಚೊಚ್ಚಲ ಬಾಣಂತಿ. ಅವಳ ಗಂಡ ಮುಂಬಯಿಯ ಗಿರಣಿಯಲ್ಲಿದ್ದ. ಕಾಲ ಕೆಟ್ಟಿದೆ, ಶುಕ್ರವಾರ ಕಳೆದ ಮೇಲೆ ತಾಯಿ ಮಗುವನ್ನು ಕರೆತರುತ್ತೇನೆ ಎಂದು ಹೊರಟಿದ್ದ. ಪುಟ್ಟಿಯಿಂದ ಇಳಿಯುವಾಗ ಪಂಚೆ ಎತ್ತಿ ಕಟ್ಟಿಕೊಳ್ಳುತ್ತ ತಾಯಣ್ಣನಿಗೆ ಒಂದು ಮಾತು ಒಪ್ಪಿಸಿದ.

"ನಾ ಬರೋದ್ರೊಳಗ ಮಂದಿ ಕೂಡಿದ್ರ ನಮ್ಮ ಮನೀ ಮಾತು ನೀನ ಹೇಳಪಾ. ನಾ ಏನಂತೀನಂತ ನಿನಗ ಗೊತ್ತೈತಿ."

ಮೂರನೆಯ ದಿನ ಸುದ್ದಿ ಬಂತು. ಹಿಂದೂಸ್ತಾನದ ಫೌಜು ತುಂಗಭದ್ರೆ ದಾಟಿದೆ, ನಿಜಾಮನ ಕಡೆಯ ರಜಾಕಾರರು ಉತ್ತರಕ್ಕೆ ಓಡಿ ಬರುತ್ತಿದ್ದಾರೆ, ಬರುವ ದಾರಿಯಲ್ಲಿ ಊರು ಸುಡುತ್ತಿದ್ದಾರೆ. ಹನುಮಪ್ಪನ ಕಟ್ಟೆಯ ಮೇಲೆ ಮನೆಗೊಬ್ಬರಂತೆ ಸೇರಿದರು. ಪುಟ್ಟಿಯನ್ನು ಜೋಳದ ಹೊಲದಲ್ಲಿ ಅಡಗಿಸೋಣವೆಂದು ಒಬ್ಬ ಎಂದ. ಅಡಗಿಸಿದ್ದನ್ನು ಹುಡುಕುತ್ತಾರೆ, ತಾಯಣ್ಣನ ಎದೆಗೆ ಬಂದೂಕು ಇಟ್ಟು ಹುಟ್ಟು ಹಾಕಿಸುತ್ತಾರೆ ಎಂದ ಸಿದ್ದಪ್ಪ. ತೊಗಲನ್ನೇ ಸೀಳಿ ಹಾಕಿದರೆ ಯಾರು ಬಂದು ಏನು ಮಾಡಿಯಾರು? ಗಂಡಾಂತರ ಕಳೆದ ಮೇಲೆ ಹೊಲಿದರಾಯಿತು.

ಹನ್ನೊಂದು ಮನೆ ಹೂಂ ಎಂದವು. ಎಲ್ಲರ ಕಣ್ಣೂ ತಾಯಣ್ಣನ ಮೇಲೆ ಬಿದ್ದವು; ಲಾಲಸಾಬ ಒಪ್ಪಿಸಿದ ಮಾತನ್ನು ಅವನೇ ಊರಿಗೆ ತಿಳಿಸಿದ್ದ.

ಲಾಲಸಾಬ ಇದ್ದಿದ್ದರೆ ಏನೆನ್ನುತ್ತಿದ್ದ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಅವನ ಪರವಾಗಿ ಸುಳ್ಳು ಹೇಳಲು ನನಗೂ ಮನಸ್ಸಿಲ್ಲ. ಆದರೆ ಎದುರಿಗೆ ಹನ್ನೊಂದು ಮನೆಯ ಮಂದಿ, ಅವರ ಹಿಂದೆ ಅವರ ಮಕ್ಕಳುಮರಿ. ಅವರ ಹೆದರಿಕೆ ಸುಳ್ಳಾಗಿರಲಿಲ್ಲ. ಲಾಲಸಾಬ ಬರುವುದು ಶುಕ್ರವಾರ ಕಳೆದ ಮೇಲಲ್ಲವೇ, ಹೊಲಿಯಲು ಒಂದು ದಿನ ಸಾಕಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹುಟ್ಟಿದಾಗಿನಿಂದ ತನ್ನ ಮಾತೊಂದನ್ನು ಆಡದವನಿಗೆ ಇನ್ನೊಬ್ಬನ ಮಾತು ಆಡುವ ಎದೆಗಾರಿಕೆ ಎಲ್ಲಿಂದ ಬರಬೇಕು?

"ಲಾಲಣ್ಣನ ಮನೀದೂ ಹೂಂ," ಎಂದ.

ಚೂರಿ ಅವನ ಕೈಗೇ ಕೊಟ್ಟರು. ಮೊಳದುದ್ದದ ನಾಲ್ಕು ಸೀಳು ಹಾಕಿದ. ಡಾಂಬರು ಬಳಿದ ತೊಗಲು ಗಟ್ಟಿಯಾಗಿತ್ತು. ಚೂರಿ ಎರಡು ಸಲ ಜಾರಿತು.

ರಜಾಕಾರರು ಬರಲೇ ಇಲ್ಲ. ಮರುದಿನ ಮಧ್ಯಾಹ್ನ ಆಚೆ ದಡದಿಂದ ಕೂಗು ಬಂತು. ತಾಯಣ್ಣ ಊಟದ ಮುಂದಿನಿಂದ ಎದ್ದ. ಆ ದನಿ ಗುರುತಿಸಲು ಅವನಿಗೆ ಕಣ್ಣು ಬೇಕಿರಲಿಲ್ಲ. ಲಾಲಸಾಬ ತಲೆಯ ರುಮಾಲು ಬಿಚ್ಚಿ ಬೀಸುತ್ತಿದ್ದ. ಪಕ್ಕದಲ್ಲಿ ಹುಸೇನಬಿ, ಅವಳ ಎದೆಗೆ ಬಿಳಿ ಬಟ್ಟೆಯ ಗಂಟಿನಂಥ ಕೂಸು.

ಫೌಜು ಗೆದ್ದು ಮುಂದೆ ಹೋದ ಮೇಲೆ ಮಗಳ ಊರಿನಲ್ಲಿ ದೊಣ್ಣೆ ಹಿಡಿದವರು ಎದ್ದಿದ್ದರು. ರಜಾಕಾರರು ಕೈಗೆ ಸಿಗದಿದ್ದಾಗ ಅವರಿಗೆ ಪಿಂಜಾರನೂ ಆದೀತು, ಬಾಣಂತಿಯೂ ಆದೀತು. ಇದೆಲ್ಲ ಈಚೆ ದಡಕ್ಕೆ ಗೊತ್ತಾದದ್ದು ಆಮೇಲೆ. ಆಗ ಕಂಡದ್ದು ಅವರ ಹಿಂದೆ ದೂರದಲ್ಲಿ ಏಳುತ್ತಿದ್ದ ಧೂಳು ಮಾತ್ರ.

ತಾಯಣ್ಣ ದಬ್ಬಣ ಹುರಿ ತಂದು ಹೊಲಿಯಲು ಕೂತ. ಸಿದ್ದಪ್ಪ ಓಡಿ ಬಂದು ತೊಗಲಿನ ಅಂಚು ಹಿಡಿದ. ಅಯ್ಯಣ್ಣ ಬೆರಳು ಚುಚ್ಚಿಸಿಕೊಂಡು ಹುರಿ ಎಳೆದ. ಹೊಳೆ ಭಾದ್ರಪದದ ತುಂಬು ಹೊಳೆ, ಈಸಿ ದಾಟುವ ಮಾತೇ ಇರಲಿಲ್ಲ. ಒಂದು ಸೀಳು ಮುಗಿಯಿತು. ಅಯ್ಯಣ್ಣ ದಡಕ್ಕೆ ಓಡಿ, ದಡದ ಗುಂಟ ಮುಂದಿರುವ ರೈಲು ಸೇತುವೆಯ ಕಡೆ ಹೋಗಿರೆಂದು ಕೈ ಬೀಸಿ ಬೀಸಿ ಕೂಗಿದ. ನೀರಿನ ಅಬ್ಬರದಲ್ಲಿ ಆ ಮಾತು ಅರ್ಧಕ್ಕೂ ಹೋಗಲಿಲ್ಲ. ಬರುತ್ತಿದ್ದೇವೆ ಎಂದು ಕೈ ಬೀಸಿದನೆಂದೇ ಲಾಲಸಾಬ ತಿಳಿದಿರಬೇಕು. ಅವನೂ ತಿರುಗಿ ಕೈ ಬೀಸಿದ.

ಅವನು ದಡ ಹಿಡಿದು ಓಡಿದ್ದರೆ ರೈಲು ಸೇತುವೆ ಮುಟ್ಟುತ್ತಿದ್ದ, ಅಲ್ಲಿ ಫೌಜಿನ ಕಾವಲಿತ್ತು, ಬಾಣಂತಿ ಕೂಸು ಉಳಿಯುತ್ತಿದ್ದವು. ಅವನು ಓಡಲಿಲ್ಲ. ಕೂಗಿದ ಮೇಲೆ ಪುಟ್ಟಿ ಬಂದೇ ಬರುತ್ತದೆ ಎಂದು ನಿಂತ. 

ಎರಡನೆಯ ಸೀಳು ಅರ್ಧ ಆಗಿದ್ದಾಗ ದೊಣ್ಣೆಯ ಮಂದಿ ಆಚೆ ದಡಕ್ಕೆ ಬಂದರು. ಲಾಲಸಾಬ ಕೂಸನ್ನು ತಲೆಯ ಮೇಲೆ ಎತ್ತಿ ಹಿಡಿದು, ಮಗಳ ಕೈ ಹಿಡಿದು ನೀರಿಗಿಳಿದ. ಸೊಂಟದವರೆಗೆ ಕಂಡರು, ಎದೆಯವರೆಗೆ ಕಂಡರು. ಆಮೇಲೆ ಬರೀ ಹೊಳೆ ಕಂಡಿತು.

ಆ ಸಂಜೆಯೇ ಪುಟ್ಟಿ ನೀರಿಗೆ ಸಿದ್ಧವಾಯಿತು.

ಲಾಲಸಾಬನ ಹೆಂಡತಿ ಮಸ್ತಾನಬಿಗೆ ಊರು ಏನೂ ಕಡಿಮೆ ಮಾಡಲಿಲ್ಲ. ಸರದಿಯ ಮೇಲೆ ರೊಟ್ಟಿ ಕಳಿಸಿತು, ನಲವತ್ತನೆಯ ದಿನದ ಖರ್ಚು ಹನ್ನೊಂದು ಮನೆ ಹಂಚಿಕೊಂಡವು. ತೊಗಲು ಹರಿದದ್ದಕ್ಕೆ ಎಲ್ಲರೂ ಹೂಂ ಅಂದಿದ್ದರು, ಯಾರೊಬ್ಬರ ತಪ್ಪೂ ಅಲ್ಲ ಎಂದು ಸಿದ್ದಪ್ಪ ಅವಳಿಗೆ ಹೇಳಿದ್ದ. ತಾಯಣ್ಣನಿಗೆ ಮಾತ್ರ ಆ ಮಾತು ಒಪ್ಪಿಗೆಯಾಗಲಿಲ್ಲ. ಒಂದು ಬೆಳಿಗ್ಗೆ ಹೋಗಿ ಅವಳ ಅಂಗಳದಲ್ಲಿ ನಿಂತ. ಅವಳು ಗಂಡ ಬಿಟ್ಟುಹೋದ ಹತ್ತಿಯನ್ನು ಕೈಯಿಂದಲೇ ಬಿಡಿಸುತ್ತಿದ್ದಳು.

"ವೈನಿ, ನಿಮ್ಮ ಮನೀ ಹೂಂ ನಾನ ಅಂದೀನಿ."

ಅವಳು ಹತ್ತಿಯಿಂದ ಕಣ್ಣೆತ್ತಲಿಲ್ಲ. "ಅವರಿದ್ದಿದ್ರ ಏನಂತಿದ್ರು?"

"ಬ್ಯಾಡ ಅಂತಿದ್ರು."

ಅವಳು ಇನ್ನೊಂದು ಹಿಡಿ ಹತ್ತಿ ಮಡಿಲಿಗೆ ಹಾಕಿಕೊಂಡಳು. ಆಮೇಲೆ ಹೇಳಿದಳು:

"ಹೆದರಿದ್ದಿ, ಅದಕ್ಕ ನಾ ಏನೂ ಅನ್ನಂಗಿಲ್ಲ, ತಾಯಣ್ಣ. ಎಲ್ಲಾರೂ ಹೆದರಿದ್ರು. ಹೆದರಿದಾಕಿ ನಾನೂ ಇದ್ದೆ. ಮನೀ ಬಾಗಲದಾಗ ಕುಂತಿದ್ದೆ, ನನ್ನ ಒಂದು ಮಾತು ಕೇಳ್ಲಿಲ್ಲ ನೀನು."

ಅವಳನ್ನು ಕೇಳಬಹುದಿತ್ತು ಎಂಬುದು ಅವನಿಗಾಗಲಿ, ಕಟ್ಟೆಯ ಮೇಲಿನ ಯಾರಿಗಾಗಲಿ ಆ ದಿನ ಹೊಳೆದೇ ಇರಲಿಲ್ಲ. ತಾಯಣ್ಣ ಅಂಗಳದಲ್ಲೇ ಕೂತ. ಅವಳು ಮಡಿಲಿನ ಹತ್ತಿ ಮುಗಿಯುವವರೆಗೂ ಬೀಜ ಬೇರೆ, ಅರಳೆ ಬೇರೆ ಮಾಡುತ್ತಿದ್ದಳು.