ಹಳೆಯ ಕಡ್ಡಿ

ಒತ್ತಡಮಾಪಕದ ಮುಳ್ಳು ಅಲುಗಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಐವತ್ತರಲ್ಲಿ ನಿಂತದ್ದು ಎಂಟೂವರೆಗೂ ಅಲ್ಲೇ ಇತ್ತು. ಉಕ್ಕಿನ ಪಾತ್ರೆಯೊಳಗಿನ ಹೈಡ್ರೋಜನ್ ಒಂದಿಷ್ಟೂ ಖರ್ಚಾಗಿರಲಿಲ್ಲ. ಎರಡು ವರ್ಷ ಅವನ ಮಾತು ಕೇಳಿದ್ದ ಕಬ್ಬಿಣ ಇವತ್ತು ಕೈಕೊಟ್ಟಿತ್ತು. ಹನ್ನೊಂದಕ್ಕೆ ಔಷಧ ಕಂಪನಿಯವರು ನೋಡಲು ಬರುವವರಿದ್ದರು.

ಪ್ರಯೋಗಾಲಯದಲ್ಲಿ ಬೆನ್ನ ಹಿಂದೆ ಅವನನ್ನು ‘ತುಕ್ಕು’ ಎನ್ನುತ್ತಿದ್ದರು. ಗೊತ್ತಿದ್ದೂ ಸುಮ್ಮನಿದ್ದ, ಒಳಗೊಳಗೇ ಖುಷಿಯಿತ್ತು. ಕಂಪನಿಗೆ ಬೇಕಿದ್ದ ಔಷಧದ ಅಣುವಿಗೆ ನಮ್ಮ ಎರಡು ಕೈಗಳ ಹಾಗೆ ಎರಡು ರೂಪ: ಬಲದ್ದು ರೋಗ ಕಳೆಯುತ್ತದೆ, ಎಡದ್ದು ಮೂತ್ರಪಿಂಡ ಕೆಡಿಸುತ್ತದೆ. ಬಲದ್ದನ್ನಷ್ಟೇ ತಯಾರಿಸಲು ಇಷ್ಟು ದಿನ ರುಥೇನಿಯಮ್ ಎಂಬ ದುಬಾರಿ ಲೋಹವೇ ಬೇಕಿತ್ತು. ಬರೀ ಕಬ್ಬಿಣದ ವೇಗವರ್ಧಕದಿಂದ ಅದನ್ನು ಮಾಡಿ ತೋರಿಸಿದವನು ಅವನೇ. ಅವನ ಕೆಲಸ ಕಾಯಂ ಆಗುವುದು ಇವತ್ತು ಮುಳ್ಳು ಇಳಿಯುವುದರ ಮೇಲಿತ್ತು.

“ಏನು ಬದಲಾಯಿಸಿದ್ರಿ?” ಎಂದು ಸಹಾಯಕಿಯನ್ನು ಕೇಳಿದ.

“ಏನಿಲ್ಲ ಸರ್. ಕಡ್ಡಿ ಮಾತ್ರ ಹೊಸದು. ಹಳೇದು ಕಪ್ಪಾಗಿತ್ತಲ್ಲ, ಬಂದವರ ಮುಂದೆ ಚೆನ್ನಾಗಿರಲ್ಲ ಅಂತ.”

ಪಾತ್ರೆಯ ತಳದಲ್ಲಿ ಗಿರಗಿರ ತಿರುಗಿ ದ್ರಾವಣ ಕಲಕುವ, ಅರ್ಧ ಬೆರಳುದ್ದದ ಅಯಸ್ಕಾಂತದ ಕಡ್ಡಿ. ಹಳೆಯದನ್ನು ಡ್ರಾಯರಿನಿಂದ ತೆಗೆದು ನೋಡಿದ. ಬಿಳಿ ಹೊದಿಕೆ ಬಿರುಕುಬಿಟ್ಟಿತ್ತು. ಬಿರುಕಿನಲ್ಲಿ ಕಪ್ಪು ಕೂತಿತ್ತು. ಈ ಮೇಜಿನಲ್ಲಿ ಅವನಿಗಿಂತ ಮೊದಲು ಕೆಲಸ ಮಾಡುತ್ತಿದ್ದವನು ಹತ್ತು ವರ್ಷ ರುಥೇನಿಯಮ್‌ನಲ್ಲೇ ಮುಳುಗಿದ್ದ. ಕಡ್ಡಿ ಅವನದು. ಒಳ್ಳೆಯ ಫಲ ಕೊಟ್ಟ ಕಡ್ಡಿಯನ್ನು ಅಲ್ಲಿ ಯಾರೂ ಎಸೆಯುವುದಿಲ್ಲ.

ಎರಡು ವರ್ಷ ದುಡಿದದ್ದು ಕಬ್ಬಿಣವಲ್ಲ, ಬಿರುಕಿನಲ್ಲಿ ಉಳಿದ ಇನ್ನೊಬ್ಬನ ರುಥೇನಿಯಮ್ ಕೊಳೆ.

ಹೆಂಡತಿಯ ಫೋನು ಬಂತು. “ನನ್ನ ತಮ್ಮ ಎಲ್ಲರ ಹತ್ರ ಡಂಗುರ ಸಾರಿದ್ದಾನೆ, ಭಾವ ಕಬ್ಬಿಣಾನ ಚಿನ್ನ ಮಾಡಿದ್ರು ಅಂತ. ಹೇಗಿದೆ?”

“ನಡೀತಾ ಇದೆ.”

“ದನಿ ಯಾಕೆ ಹಾಗಿದೆ?”

“ಎಸಿ ಜಾಸ್ತಿ.”

ಫೋನು ಇಟ್ಟು, ಸಹಾಯಕಿಯ ಮುಖ ನೋಡದೆ ಹೇಳಿದ: “ಹಳೇದನ್ನೇ ಹಾಕಿ.”

ಅವಳು ಕಪ್ಪು ಬಿರುಕನ್ನೊಮ್ಮೆ ನೋಡಿದಳು. ಹಾಕಿದಳು.

ಬಂದವರ ಎದುರೇ ಹೊಸದಾಗಿ ಹೈಡ್ರೋಜನ್ ತುಂಬಿದ ಮೇಲೆ, ಹನ್ನೊಂದೂಕಾಲಿಗೆ ಮುಳ್ಳು ಇಳಿಯತೊಡಗಿತು. ನಲವತ್ತೆಂಟು, ನಲವತ್ತೈದು. ಪ್ರಯೋಗಾಲಯದ ಹಿರಿಯ ಪ್ರಾಧ್ಯಾಪಕರು ಮದುವೆಮನೆಯ ಯಜಮಾನರಂತೆ ಓಡಾಡಿದರು. ಬಂದವರಲ್ಲಿ ಒಬ್ಬಾಕೆ ಮಾತ್ರ ನಗದೆ ಕೇಳಿದಳು: “ಬೇರೆ ಲೋಹ ಏನೂ ಇಲ್ಲ ತಾನೇ?”

“ಕಬ್ಬಿಣ ಅಷ್ಟೇ,” ಎಂದಿತು ಅವನ ಬಾಯಿ. ಆಕೆ ಬರೆದುಕೊಂಡಳು. ಪ್ರಾಧ್ಯಾಪಕರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ತಾನು ಅಲ್ಲಿ ಇಲ್ಲವೇ ಇಲ್ಲ ಎನ್ನಿಸಿತು.

ಎಲ್ಲರೂ ಚಹಾಕ್ಕೆ ಹೋದ ಮೇಲೆ ಪಾತ್ರೆ ಬಿಚ್ಚಿ ಕಡ್ಡಿಯನ್ನು ಹೊರಗೆ ತೆಗೆದ.

“ತೊಳೀಲಾ ಸರ್, ಹಾಗೇ ಇಡ್ಲಾ?” ಸಹಾಯಕಿ ಕೈಚಾಚಿದಳು. ತೊಳೆದರೆ ಈ ಫಲ ಇನ್ನೆಂದೂ ಬಾರದು. ಇಟ್ಟರೆ ಎಂದಾದರೊಂದು ದಿನ ಯಾರಾದರೂ ಪರೀಕ್ಷಿಸುತ್ತಾರೆ. ಅವನು ಕಡ್ಡಿಯನ್ನು ಗ್ಲೌಸು ತೊಟ್ಟ ಬಲ ಅಂಗೈಯಲ್ಲಿ ಹಿಡಿದ. ಕಸ ಎಸೆಯುವಾಗ ಅವರೆಲ್ಲ ಮಾಡುವಂತೆ, ಅದರ ಮೇಲೆಯೇ ಗ್ಲೌಸನ್ನು ಮಣಿಕಟ್ಟಿನಿಂದ ಒಳಹೊರಗಾಗಿ ಸುಲಿದು ಮೇಜಿನ ಮೇಲಿಟ್ಟ.

“ಏ ತುಕ್ಕು, ಬಾರಯ್ಯ, ಫೋಟೋಗೆ,” ಬಾಗಿಲಿಗೆ ಬಂದ ಪ್ರಾಧ್ಯಾಪಕರು ಮೊದಲ ಸಲ ಎದುರಿಗೇ ಆ ಹೆಸರಿನಿಂದ ಕರೆದರು.

ಅವನು ಕದಲಲಿಲ್ಲ. ಬಲಗೈಯ ಗ್ಲೌಸು ತಿರುವಿಕೊಂಡು ಎಡಗೈಯದಾಗಿತ್ತು. ಬೆರಳುಗಳಲ್ಲಿ ಸಿಕ್ಕಿಕೊಂಡ ಗಾಳಿ ಮೆಲ್ಲಗೆ ಇಳಿಯುತ್ತಿತ್ತು. ಒಂದೊಂದೇ ಬೆರಳು ಬಾಗಿ, ಒಳಗಿನ ಕಡ್ಡಿಯ ಮೇಲೆ ಮುಚ್ಚಿಕೊಳ್ಳುತ್ತಿತ್ತು.