ಪಿತ್ತದ ಮೈ

ಗೋಡೆಗೊರಗಿಸಿ ಕೂರಿಸಿದ್ದ ಚಿಕ್ಕಬಸಪ್ಪನ ತಲೆ ಮತ್ತೆ ಎದೆಗೆ ವಾಲಿತು. ಮಗ ರೇಣುಕಾಪ್ರಸಾದ್ ಗದ್ದಕ್ಕೆ ಕೈಕೊಟ್ಟು ಎತ್ತಿ, ಹಣೆಗೆ ಬಟ್ಟೆ ಸುತ್ತಿ ಹಿಂದಿನ ಗೂಟಕ್ಕೆ ಬಿಗಿದ.

"ಸತ್ತ ಮೇಲೂ ಯೋಳಿದ ಮಾತು ಕೇಳಾಕಿಲ್ಲ ನಮ್ಮಣ್ಣ," ಎಂದಳು ಸತ್ತವನ ತಂಗಿ ಪುಟ್ಟಸಿದ್ದಮ್ಮ. "ಪಿತ್ತದ ಮೈ ಕಣ್ರೀ. ಅತ್ಗೆ, ಎಲ್ಲಾ ಹೊಟ್ಟೆಗಾಕ್ಕಂಡು ಕೊನೇ ವಿಭೂತಿ ನೀನೇ ಆಕ್ಬೇಕು. ಅಲ್ಲೀಗಂಟ ಮಣ್ಣು ಎಳೆಯಂಗಿಲ್ಲ."

ಪಿತ್ತದ ಮಾತನ್ನು ಊರಿಗೆಲ್ಲ ಹಬ್ಬಿಸಿದವಳೇ ಹೆಂಡತಿ ಪ್ರೇಮಮ್ಮ. ಈಗ ಅವಳ ಕಣ್ಣು ಬೇರೆಡೆಗಿತ್ತು. ಸುದ್ದಿ ಕೇಳಿ ಮೈಸೂರಿನಿಂದ ಬಂದಿದ್ದ ಸಂಶೋಧನೆಯ ಹುಡುಗಿ ರಮ್ಯಶ್ರೀಯನ್ನೇ ನೋಡುತ್ತಿದ್ದಳು.

*

ಸೌದೆ ಉರಿಸಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಮುಂದೆ, ಊಟ ತಡವಾಯಿತೆಂದು ಚಿಕ್ಕಬಸಪ್ಪ ಒಮ್ಮೆ ತಟ್ಟೆ ಎಸೆದಿದ್ದ. ಇನ್ನೊಮ್ಮೆ ಸೌದೆಯಲ್ಲೇ ಬಾರಿಸಿದ್ದ. ಊದಿದ ತೋಳಿಗೆ ಅರಿಶಿನ ಹಚ್ಚಿಕೊಂಡು ಪ್ರೇಮಮ್ಮ ಅವನಿಗೇ ಜೀರಿಗೆ ಕಷಾಯ ಕಾಸಿದ್ದಳು. ಪಾಪ, ಪಿತ್ತ ಕೆರಳಿದರೆ ಮನುಷ್ಯ ಏನು ಮಾಡಿಯಾನು? ಹಾಗಂದುಕೊಂಡೇ ಸಂಸಾರ ಸಾಗಿತ್ತು.

ಹೋದ ವರ್ಷ ಕಲ್ಲಾಗಿದೆಯೆಂದು ಮೈಸೂರಿನ ಆಸ್ಪತ್ರೆಯಲ್ಲಿ ಅವನ ಪಿತ್ತಕೋಶ ತೆಗೆದರು. ಆಗ ರಮ್ಯಶ್ರೀ ಒಪ್ಪಿಗೆ ಕೇಳಿ ಅದರೊಳಗಿನ ಪಿತ್ತ ಒಯ್ದಳು. ಕೋಶ ಹೋದರೂ ಸಿಟ್ಟು ಹೋಗಲಿಲ್ಲ. ಎಲ್ಲೋ ಒಂಚೂರು ಉಳಿದಿರಬೇಕು ಎಂದುಕೊಂಡಳು ಪ್ರೇಮಮ್ಮ.

*

ಪ್ರೇಮಮ್ಮ ಹುಡುಗಿಯನ್ನು ಹಿತ್ತಲಿಗೆ ಕರೆದೊಯ್ದು ಕೇಳಿದಳು: "ಅವ್ರ ಪಿತ್ತದಲ್ಲಿ ಏನ್ ಸಿಕ್ತವ್ವ?"

ರಮ್ಯಶ್ರೀ ತಬ್ಬಿಬ್ಬಾದಳು. "ಎನ್‌ಎಂಆರ್ ಅಂತ ದೊಡ್ಡ ಅಯಸ್ಕಾಂತದ ಮಿಷನ್ ಅಮ್ಮ. ಗಾಜಿನ ಕೊಳವೇಲಿ ಪಿತ್ತ ಇಟ್ರೆ, ಅದ್ರಲ್ಲಿರೋ ಆಮ್ಲಗಳಿಗೆ ಬೇರೆ ಬೇರೆ ಗೆರೆ ಏಳುತ್ತೆ. ಯಾವ್ದು ಎಷ್ಟಿದೆ ಅಂತ ಗೊತ್ತಾಗುತ್ತೆ."

"ಸಿಟ್ಟಿಂದು ಯಾವ ಗೆರೆ?"

"ಸಿಟ್ಟಿಗೆ ಗೆರೆ ಇಲ್ಲಮ್ಮ. ಪಿತ್ತ ಇರೋದು ಜಿಡ್ಡು ಕರಗಿಸೋಕೆ. ಅವ್ರದ್ದೂ ಕಲ್ಲಾದ ಬೇರೆಯವ್ರ ಥರಾನೇ ಇತ್ತು."

"ಅವ್ರೂ ಹೊಡೀತಿದ್ರಾ?"

ಪ್ರೇಮಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಇಷ್ಟು ದಿನ ತಾನು ಕಷಾಯ ಕಾಸಿದ್ದು ಯಾವುದಕ್ಕೆ?

*

ಹೊಲದ ಬದುವಿನಲ್ಲಿ ತೋಡಿದ ಗುಂಡಿಗೆ ಅವನನ್ನು ಇಳಿಸಿ ಕೂರಿಸಿದರು. ಬಂದವರೆಲ್ಲ ಬಿಲ್ವಪತ್ರೆ ಹಾಕಿ ಹಿಂದೆ ಸರಿದರು. ಪುಟ್ಟಸಿದ್ದಮ್ಮ ಅತ್ತಿಗೆಯ ಕೈಗೆ ವಿಭೂತಿ ಕೊಟ್ಟಳು.

"ಆಕವ್ವ," ಎಂದ ರೇಣುಕಾಪ್ರಸಾದ್. "ಹೊತ್ತಾಯ್ತದೆ."

ಪ್ರೇಮಮ್ಮ ಅಂಚಿನಲ್ಲಿ ಕುಕ್ಕರಿಸಿದಳು. ಒಳಗೆ ಸಂಕಟವಿತ್ತು, ಉರಿಯೂ ಇತ್ತು. ಯಾವುದು ಯಾವುದೆಂದು ಅವಳಿಗೇ ಬಗೆಹರಿಯಲಿಲ್ಲ.

"ಅಂಗಾದ್ರೆ ನನ್ನ ಯಾಕ್ರೀ ಹೊಡುದ್ರಿ?" ಎಂದು ಕೆಳಗೆ ಕೂತವನನ್ನು ಕೇಳಿದಳು.

ಗುದ್ದಲಿ ಹಿಡಿದವರು ಮಣ್ಣೆಳೆಯಲು ಅವಳ ಕೈಯನ್ನೇ ಕಾಯುತ್ತಿದ್ದರು. ಅವಳು ಮುಷ್ಟಿ ಬಿಚ್ಚಿ ಕೈ ಬೋರಲು ಮಾಡಿದಳು. ಬೆವರಿಗೆ ನೆನೆದ ವಿಭೂತಿ ಅಂಗೈಗೇ ಮೆತ್ತಿಕೊಂಡಿತ್ತು. ಚೂರೂ ಕೆಳಗೆ ಬೀಳಲಿಲ್ಲ.